ಕಿವಿಯಲ್ಲಿ ನೋವು, ಗಂಟಲಲ್ಲಿ ಬೇನೆ

"ಅಕ್ಕಾ, ಕಿವಿಗೆ ಡ್ರಾಪ್ಸ್ ಕೊಡ್ರಿ" ಅಂತ ಯಾರಾದರೂ ಕೌಂಟರ್ ಮುಂದೆ ನಿಂತರೆ ನಾನು ಮೊದಲು ಕೇಳುವುದು ಕಿವಿಯ ವಿಷಯ ಅಲ್ಲ. "ಒಂದ್ಸಲ ಎಂಜಲು ನುಂಗಿ ನೋಡ್ರಿ" ಅನ್ನುತ್ತೇನೆ. ಬಂದವರು ನನ್ನ ಮುಖ ನೋಡುತ್ತಾರೆ. ಡ್ರಾಪ್ಸ್ ಕೇಳಿದರೆ ಎಂಜಲು ನುಂಗು ಅಂತಾಳಲ್ಲ ಅನ್ನುವ ಗೊಂದಲ ಅವರಿಗೆ. ಆದರೂ ನುಂಗುತ್ತಾರೆ. ಎಷ್ಟೋ ಜನರ ಕೈ ಆಗ ತಾನಾಗಿಯೇ ಕಿವಿಗೆ ಹೋಗುತ್ತದೆ. ಕಣ್ಣು ಕಿರಿದಾಗುತ್ತದೆ. "ಹೌದಲ್ರಿ, ನುಂಗಿದ್ರೆ ಕಿವಿಗೇ ಹೊಡಿತೈತಿ" ಅನ್ನುತ್ತಾರೆ.

ಹಾಗೆ ಅಂದವರಿಗೆ ನಾನು ಡ್ರಾಪ್ಸ್ ಕೊಡುವುದಿಲ್ಲ. ಅವರ ಬೇನೆ ಬಹುತೇಕ ಗಂಟಲಲ್ಲಿರುತ್ತದೆ. ಕಿವಿಗೆ ಹಾಕಿದ ಔಷಧಿ ಅಲ್ಲಿಗೆ ತಲುಪುವುದೇ ಇಲ್ಲ.

ನಮ್ಮ ಅಂಗಡಿ ಇರುವುದು ದಾವಣಗೆರೆಯಲ್ಲಿ, ಹಾಸ್ಟೆಲ್ಲು, ಪಿಜಿ ಜಾಸ್ತಿ ಇರುವ ಕಡೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರು ಇದು. ಈಗ ಓದುವ ಮಕ್ಕಳಿಂದ ತುಂಬಿದೆ. ಒಂದು ರೂಮಿಗೆ ನಾಲ್ಕು ಮಂಚ, ಎಲ್ಲರಿಗೂ ಒಂದೇ ನೀರಿನ ಬಾಟಲಿ. ಒಬ್ಬನಿಗೆ ಗಂಟಲು ಹಿಡಿದರೆ ವಾರದೊಳಗೆ ಉಳಿದವರಿಗೂ ಬರುತ್ತದೆ. ಚಳಿಗಾಲದಲ್ಲಿ, ಪರೀಕ್ಷೆ ಹತ್ತಿರ ಬಂದು ನಿದ್ದೆಗೆಟ್ಟಾಗ ಇನ್ನೂ ಜಾಸ್ತಿ. ಇವರಲ್ಲಿ ಹಲವರು ಕಿವಿ ಹಿಡಿದುಕೊಂಡೇ ಬರುತ್ತಾರೆ. ಗಂಟಲು ಸ್ವಲ್ಪ ಕೆರೆಯುತ್ತಿರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟಿರುವುದಿಲ್ಲ. ಕಿವಿ ಸಿಡಿಯುವಾಗ ಗಂಟಲ ಕೆರೆತ ಯಾರಿಗೆ ನೆನಪಿರುತ್ತದೆ, ಅಲ್ವಾ?

ಹೋದ ಚಳಿಯಲ್ಲಿ ಒಬ್ಬ ಹುಡುಗ ಬಂದಿದ್ದ. ಎಡಗಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಮಫ್ಲರ್ ಸುತ್ತಿದ್ದ. ಹೊರಕಿವಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯಲು ಹೇಳಿದೆ. ಎಳೆದ. ನೋವಾಗಲಿಲ್ಲ. ಕಿವಿ ತೂತಿನ ಮುಂದಿರುವ ಸಣ್ಣ ಉಬ್ಬನ್ನು ಒತ್ತಲು ಹೇಳಿದೆ. ಅದೂ ನೋಯಲಿಲ್ಲ. ಕಿವಿ ಸೋರುತ್ತಿರಲಿಲ್ಲ, ಮಂದವಾಗಿ ಕೇಳಿಸುವುದೂ ಇಲ್ಲ ಅಂದ. ಬಾಯಿ ತೆರೆದು ಮೊಬೈಲ್ ಟಾರ್ಚ್ ಬಿಟ್ಟರೆ ಎಡಗಡೆ ಟಾನ್ಸಿಲ್ ಕೆಂಪಗೆ ಊದಿತ್ತು. ಮೇಲೆ ಮೊಸರಿನ ಚುಕ್ಕೆಯಂಥ ಬಿಳಿ ಕಲೆಗಳಿದ್ದವು. ಪಕ್ಕದ ಬೀದಿಯ ಡಾಕ್ಟರ್ ಹತ್ತಿರ ಕಳಿಸಿದೆ. ಅವರು ಕಿವಿಯೊಳಗೆ ಲೈಟ್ ಬಿಟ್ಟು ನೋಡಿ, ತಮಟೆ ಚೆನ್ನಾಗಿದೆ, ಕಿವಿಗೆ ಏನೂ ಹಾಕಬೇಡ ಅಂದರಂತೆ. ಗಂಟಲಿಗೆ ಔಷಧಿ ಬರೆದುಕೊಟ್ಟರು. ಗಂಟಲು ವಾಸಿಯಾಗುತ್ತಾ ಬಂದ ಹಾಗೆ ಕಿವಿ ನೋವೂ ಹೋಯಿತು.

ಡಾಕ್ಟರುಗಳು ಇದನ್ನು ರೆಫರ್ಡ್ ಪೇನ್ ಅನ್ನುತ್ತಾರೆ. ರೋಗ ಒಂದು ಕಡೆ ಇದ್ದು ನೋವು ಇನ್ನೊಂದು ಕಡೆ ಕಾಣಿಸಿಕೊಳ್ಳುವುದು. ಹೃದಯಾಘಾತ ಆದಾಗ ಎಡಗೈ ಸೆಳೆಯುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಕೈ ಸೆಳೆದರೆ ಯಾರೂ ಬರೀ ಮುಲಾಮು ಹಚ್ಚಿ ಸುಮ್ಮನೆ ಕೂರುವುದಿಲ್ಲ, ಎದೆ ತೋರಿಸಲು ಓಡುತ್ತಾರೆ. ಗಂಟಲು ಮತ್ತು ಕಿವಿಯ ನಡುವೆಯೂ ಇಂಥದ್ದೇ ನಂಟಿದೆ ಅನ್ನುವುದು ಮಾತ್ರ ಅಷ್ಟಾಗಿ ಹರಡಿಲ್ಲ. ನನಗೆ ಬೇಸರ ಇರುವುದು ಅಲ್ಲೇ.

ಇದಕ್ಕೆ ಕಾರಣ ನರಗಳು. ಮಿದುಳಿನಿಂದ ನೇರವಾಗಿ ಹೊರಡುವ ನರಗಳು 12 ಜೊತೆ. ಕಿವಿ ಎಷ್ಟು ಸಣ್ಣ ಅಂಗ ನೋಡಿ. ಆದರೆ ಅದರ ಸ್ಪರ್ಶ, ನೋವುಗಳ ಸುದ್ದಿ ಒಯ್ಯಲು ಈ 12ರಲ್ಲಿ ನಾಲ್ಕು ನರಗಳು ಕೈ ಹಾಕಿವೆ. 5, 7, 9 ಮತ್ತು 10ನೇ ನರಗಳು. ಸಾಲದ್ದಕ್ಕೆ ಕತ್ತಿನಿಂದ ಬರುವ ಎರಡು ಮತ್ತು ಮೂರನೇ ನರಗಳ ಕವಲುಗಳೂ ಕಿವಿಯ ಹಿಂಭಾಗಕ್ಕೆ ಮತ್ತು ಹಾಲೆಗೆ ಬರುತ್ತವೆ. ಇವು ಯಾವುವೂ ಕಿವಿಗೆ ಮಾತ್ರ ದುಡಿಯುವ ನರಗಳಲ್ಲ. ಪ್ರತಿಯೊಂದಕ್ಕೂ ಬೇರೆ ಕಡೆ ದೊಡ್ಡ ಕೆಲಸ ಇದೆ.

ಗಂಟಲಿನ ಮಟ್ಟಿಗೆ ಮುಖ್ಯವಾದವು 9 ಮತ್ತು 10. ಒಂಬತ್ತನೆಯದು ಗ್ಲಾಸೋಫ್ಯಾರಿಂಜಿಯಲ್ ನರ. ಟಾನ್ಸಿಲ್, ನಾಲಿಗೆಯ ಹಿಂದಿನ ಮೂರನೇ ಒಂದು ಭಾಗ, ಗಂಟಲಿನ ಗೋಡೆ, ಇಲ್ಲೆಲ್ಲ ಆಗುವ ನೋವಿನ ಸುದ್ದಿ ಒಯ್ಯುವುದು ಇದೇ. ಇದರಿಂದ ಒಂದು ಎಳೆಯಷ್ಟು ಸಣ್ಣ ಕವಲು ಒಡೆದು ತಲೆಬುರುಡೆಯ ಮೂಳೆಯೊಳಗೆ ನುಸುಳಿ ನಡುಗಿವಿಗೆ ಹೋಗುತ್ತದೆ. ಕಿವಿ ತಮಟೆಯ ಒಳಮೈಗೂ ಅದೇ ಕವಲು. ಡೆನ್ಮಾರ್ಕಿನ ಲುಡ್ವಿಗ್ ಯಾಕೋಬ್ಸನ್ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ಉಳಿದಿದೆ. ಹತ್ತನೆಯದು ವೇಗಸ್ ನರ. ಧ್ವನಿಪೆಟ್ಟಿಗೆ, ಗಂಟಲಿನ ಕೆಳಭಾಗ, ಅನ್ನನಾಳ ಎಲ್ಲ ದಾಟಿ ಹೃದಯ, ಹೊಟ್ಟೆಯವರೆಗೂ ಹೋಗುವ ಉದ್ದದ ನರ ಅದು. ಅದರದ್ದೂ ಒಂದು ಕವಲು ಕಿವಿ ತೂತಿನ ಒಳಚರ್ಮಕ್ಕೆ ಬರುತ್ತದೆ. ಅದಕ್ಕೆ ಜರ್ಮನಿಯ ಫ್ರೆಡ್ರಿಕ್ ಅರ್ನಾಲ್ಡ್ ಹೆಸರು. ಇಬ್ಬರೂ 19ನೇ ಶತಮಾನದಲ್ಲಿ ಕೆಲಸ ಮಾಡಿದವರು. ಇಷ್ಟು ಸಣ್ಣ ಎಳೆಯನ್ನು ಮೂಳೆಯೊಳಗಿಂದ ಹುಡುಕಿ ತೆಗೆದವರ ತಾಳ್ಮೆ ನೆನೆದರೆ ನನಗೆ ಈಗಲೂ ಆಶ್ಚರ್ಯ ಆಗುತ್ತದೆ.

ಅರ್ನಾಲ್ಡ್ ನರ ಇರುವುದನ್ನು ಕೆಲವರು ತಮ್ಮ ಮೈಯಲ್ಲೇ ಕಂಡುಕೊಂಡಿರುತ್ತಾರೆ. ಕಿವಿಯೊಳಗೆ ಏನಾದರೂ ತಾಗಿದ ಕೂಡಲೇ ಅವರಿಗೆ ಕೆಮ್ಮು ಬರುತ್ತದೆ. ಗಂಟಲಲ್ಲಿ ಏನೂ ಇರುವುದಿಲ್ಲ, ಕಿವಿಯ ಗುಗ್ಗೆ ತೆಗೆಯುವಾಗ ಕೆಮ್ಮು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ನಿಮ್ಮ ಮನೆಯಲ್ಲೇ ಒಬ್ಬರು ಇದ್ದರೂ ಇರಬಹುದು. ಅಲ್ಲಿ ಸುದ್ದಿ ಕಿವಿಯಿಂದ ಗಂಟಲಿನ ಕಡೆ ಹರಿಯಿತು. ನಾವು ಮಾತಾಡುತ್ತಿರುವುದು ಇದರ ಉಲ್ಟಾ.

ಗಂಟಲಿನ ಸುದ್ದಿ ಮಿದುಳಿಗೆ ಕಿವಿಯದ್ದಾಗಿ ಯಾಕೆ ಕೇಳಿಸುತ್ತದೆ? ಮೊಬೈಲ್ ಬರುವ ಮುಂಚಿನ ದಿನ ನೋಡಿದವರಿಗೆ ಪಿ.ಪಿ. ನಂಬರ್ ನೆನಪಿರುತ್ತದೆ. ಬೀದಿಗೆಲ್ಲ ಒಂದೇ ಫೋನ್. ಮದುವೆ ಕಾರ್ಡಿನಲ್ಲೂ ಪಕ್ಕದ ಮನೆಯವರ ನಂಬರ್ ಕೊಟ್ಟು ಮುಂದೆ ಪಿ.ಪಿ. ಅಂತ ಬರೆಯುತ್ತಿದ್ದರು. ಟ್ರಂಕ್ ಕಾಲ್ ಆಪರೇಟರ್ ಆ ನಂಬರ್ ಹೇಳಿದರೆ ಆಚೆ ಊರಿನವರಿಗೆ ಗೊತ್ತಾಗುತ್ತಿದ್ದುದು ಫೋನ್ ಯಾರ ಮನೆಯದ್ದು ಅನ್ನುವುದಷ್ಟೇ. ರಿಸೀವರ್ ಹಿಡಿದವರು ಯಾರು ಅಂತ ಅಲ್ಲ. ಮಿದುಳಿನ ಪಾಡೂ ಹಾಗೇ. ಕಿವಿ, ಗಂಟಲು, ದವಡೆ, ಹಲ್ಲು ಇವುಗಳಿಂದ ನೋವಿನ ಸುದ್ದಿ ತರುವ ನರಗಳು ಬೇರೆ ಬೇರೆ ಆದರೂ ಮಿದುಳಿನ ಬುಡಕ್ಕೆ ಬಂದಾಗ ಒಂದೇ ಕೇಂದ್ರದಲ್ಲಿ ಸೇರುತ್ತವೆ. ಐದನೇ ನರವಾದ ಟ್ರೈಜೆಮಿನಲ್‌ಗೆ ಸೇರಿದ, ಕತ್ತಿನ ಮೇಲ್ಭಾಗದವರೆಗೂ ಇಳಿಯುವ ಉದ್ದನೆಯ ಕೇಂದ್ರ ಅದು. ಅಲ್ಲಿಂದ ಮೇಲೆ ಹೋಗುವ ದಾರಿ ಒಂದೇ. ಟಾನ್ಸಿಲ್ ಹುಣ್ಣಾಗಿ ಸುದ್ದಿ ಮೇಲಿಂದ ಮೇಲೆ ಬರತೊಡಗಿದರೆ, ಇದು ಕಿವಿಯ ನಂಬರ್ ಅಂತ ಮಿದುಳು ಲೆಕ್ಕ ಹಾಕುತ್ತದೆ. ನಮಗೆ ಕಿವಿಯೊಳಗೆ ಸೂಜಿ ಚುಚ್ಚಿದ ಹಾಗಾಗುತ್ತದೆ. ನೋವು ಸುಳ್ಳಲ್ಲ. ನೋವಿನ ಜಾಗ ಮಾತ್ರ ತಪ್ಪು.

ಈ ನರಗಳು ಹೀಗೆ ಹೆಣೆದುಕೊಂಡದ್ದು ನಾವು ಹುಟ್ಟುವ ಮೊದಲೇ. ಗರ್ಭದಲ್ಲಿ ನಾಲ್ಕೈದು ವಾರ ಆಗುವಾಗ ಭ್ರೂಣದ ಕತ್ತಿನ ಜಾಗದಲ್ಲಿ ಪಕ್ಕಪಕ್ಕಕ್ಕೆ ಕಮಾನಿನಂಥ ಉಬ್ಬುಗಳು ಏಳುತ್ತವೆ. ಮುಂದೆ ದವಡೆ, ಕಿವಿಯೊಳಗಿನ ಪುಟ್ಟ ಮೂಳೆಗಳು, ಗಂಟಲು, ಧ್ವನಿಪೆಟ್ಟಿಗೆ ಎಲ್ಲ ಮೂಡುವುದು ಇವುಗಳಿಂದಲೇ. ಒಂದೊಂದು ಕಮಾನಿಗೂ ಅದರದ್ದೇ ಒಂದು ನರ. ಬೆಳೆಯುತ್ತಾ ಹೋದ ಹಾಗೆ ಅಂಗಗಳು ದೂರ ದೂರ ಸರಿಯುತ್ತವೆ, ಆದರೆ ನರದ ನಂಟು ಬಿಡುವುದಿಲ್ಲ. ಕಿವಿ ಮತ್ತು ಗಂಟಲು ಒಂದೇ ಮನೆಯಲ್ಲಿ ಹುಟ್ಟಿ ಬೇರೆಯಾದ ಅಂಗಗಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಗಂಟಲಿನ ಸೋಂಕು ಕಿವಿಯನ್ನು ಕಾಡಲು ಎರಡು ದಾರಿಗಳಿವೆ, ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಒಂದು ನರದ ದಾರಿ, ಈಗ ಹೇಳಿದ್ದು. ಅದರಲ್ಲಿ ಕಿವಿಗೆ ಏನೂ ಆಗಿರುವುದಿಲ್ಲ. ಇನ್ನೊಂದು ನಿಜವಾದ ಕೊಳವೆಯ ದಾರಿ. ಮೂಗಿನ ಹಿಂದಿನಿಂದ ನಡುಗಿವಿಗೆ ಯುಸ್ಟೇಷಿಯನ್ ಟ್ಯೂಬ್ ಅನ್ನುವ ಕೊಳವೆ ಇದೆ. ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ, ಇಳಿಜಾರಾಗಿರುತ್ತದೆ. ಪುಟ್ಟ ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತದೆ. ನೆಗಡಿ, ಗಂಟಲು ಬೇನೆ ಬಂದಾಗ ಕೊಳವೆ ಊದಿ ಕಟ್ಟಿಕೊಂಡು, ನಡುಗಿವಿಯಲ್ಲಿ ನೀರು ನಿಂತು, ಕೀವಾಗಬಹುದು. ಇದು ಅಸಲಿ ಕಿವಿ ಬೇನೆ. ಮಗು ರಾತ್ರಿಯೆಲ್ಲ ಕಿವಿ ಎಳೆದುಕೊಂಡು ಅಳುತ್ತದೆ, ಜ್ವರ ಇರುತ್ತದೆ, ಕೆಲವೊಮ್ಮೆ ತಮಟೆ ಒಡೆದು ಸೋರುತ್ತದೆ. ಹಾಗಾಗಿ ಸಣ್ಣ ಮಕ್ಕಳ ವಿಷಯದಲ್ಲಿ ಎಂಜಲು ನುಂಗಿಸಿ ನೋಡುವ ಆಟ ಬೇಡ. ಡಾಕ್ಟರ್ ಒಮ್ಮೆ ಕಿವಿಯೊಳಗೆ ನೋಡಲೇಬೇಕು. ದೊಡ್ಡವರಲ್ಲೂ ಕೊನೆಯ ಮಾತು ಆ ಲೈಟಿನದ್ದೇ. ನಾನು ಕೌಂಟರಿನಲ್ಲಿ ಕೇಳುವುದು ಯಾರನ್ನು ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗಲಿ ಅಂತ ಅಷ್ಟೇ.

ಇನ್ನು ಎಣ್ಣೆ. ನಮ್ಮ ಕಡೆ ಕಿವಿ ನೋವು ಅಂದ ಕೂಡಲೇ ಸೌಟಿನಲ್ಲಿ ಎರಡು ಎಸಳು ಬೆಳ್ಳುಳ್ಳಿ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತಾರೆ. ಅದನ್ನು ಹತ್ತಿಯಲ್ಲಿ ಅದ್ದಿ ಕಿವಿಗೆ ಹಿಂಡುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸ ಅದು, ನನಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಮಗು ಅಳುವಾಗ ಅಜ್ಜಿಯ ಕೈಗೆ ಸಿಗುವುದು ಸೌಟು ಮತ್ತು ಎಣ್ಣೆ ಮಾತ್ರ. ಆದರೆ ಎಣ್ಣೆ ಬಿಸಿ ಜಾಸ್ತಿಯಾಗಿ ಕಿವಿ ತೂತಿನ ತೆಳು ಚರ್ಮ ಸುಟ್ಟುಹೋಗುವುದುಂಟು. ತಮಟೆಯಲ್ಲಿ ತೂತು ಇದ್ದರೆ ಎಣ್ಣೆ ನೇರ ನಡುಗಿವಿಗೆ ಇಳಿಯುತ್ತದೆ. ಕಿವಿಯಲ್ಲಿ ಪಸೆ ಉಳಿದರೆ ಬೂಷ್ಟು ಬೆಳೆಯುತ್ತದೆ. ಮರುದಿನ ಡಾಕ್ಟರ್ ಹತ್ತಿರ ಹೋದರೆ ಎಣ್ಣೆ ಮೆತ್ತಿದ ತಮಟೆ ಸರಿಯಾಗಿ ಕಾಣಿಸುವುದೂ ಇಲ್ಲ. ಗಂಟಲಿನಿಂದ ಬಂದ ನೋವಾದರೆ ಇಷ್ಟೆಲ್ಲ ಅಪಾಯ ತಗೊಂಡೂ ಏನೂ ಪ್ರಯೋಜನ ಆಗಿರುವುದಿಲ್ಲ.

ಇದನ್ನೆಲ್ಲ ಒಂದು ದಿನ ಒಬ್ಬ ಅಜ್ಜಿಗೆ ಹೇಳುತ್ತಿದ್ದೆ. ಮೊಮ್ಮಗಳಿಗೆ ಡ್ರಾಪ್ಸ್ ಒಯ್ಯಲು ಬಂದಿದ್ದರು, ಹುಡುಗಿಗೆ ಟಾನ್ಸಿಲ್ ಆಗಿದೆ ಅಂತ ಅವರೇ ಹೇಳಿದ್ದರು. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರ ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತಲ್ಲವ್ವಾ" ಅಂದರು. ನಾನು ಇಷ್ಟುದ್ದ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಆಮೇಲೆ ಮೊಮ್ಮಗಳನ್ನು ಡಾಕ್ಟರಿಗೆ ತೋರಿಸಿ ಗಂಟಲಿನ ಔಷಧಿ ಚೀಟಿ ತಂದರು.

ಅಂಗಡಿಯ ಡ್ರಾಪ್ಸ್ ಕೂಡ ಎಣ್ಣೆಗಿಂತ ಸುರಕ್ಷಿತ ಅಂತ ತಿಳಿಯಬೇಡಿ. ಗುಗ್ಗೆ ಮೆತ್ತಗೆ ಮಾಡುವ ಡ್ರಾಪ್ಸ್ ಬೇರೆ, ಸೋಂಕಿಗೆ ಹಾಕುವ ಆ್ಯಂಟಿಬಯಾಟಿಕ್ ಡ್ರಾಪ್ಸ್ ಬೇರೆ, ಬೂಷ್ಟಿಗೆ ಹಾಕುವುದು ಇನ್ನೂ ಬೇರೆ. ಎಲ್ಲವೂ ಒಂದೇ ಥರದ ಸಣ್ಣ ಬಾಟಲಿಯಲ್ಲಿ ಬರುತ್ತವೆ, ಅಷ್ಟೇ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ಒಡೆದ ತಮಟೆಯ ಮೂಲಕ ಒಳಗೆ ಹೋದರೆ ಕೇಳಿಸುವ ಶಕ್ತಿಗೇ ಪೆಟ್ಟು ಬೀಳಬಹುದು. ತಮಟೆ ಒಡೆದಿದೆಯೋ ಇಲ್ಲವೋ ಅಂತ ಕೌಂಟರಿನ ಈಚೆ ನಿಂತ ನನಗೆ ಹೇಗೆ ಗೊತ್ತಾಗಬೇಕು? "ಪಕ್ಕದ ಅಂಗಡ್ಯಾಗ ಕೇಳಿದ್ ಕೂಡ್ಲೇ ಕೊಡ್ತಾರ" ಅಂತ ಹೋದವರಿದ್ದಾರೆ. ಹೋಗಲಿ.

ಗಂಟಲು ಬೇನೆಗೆ ಏನು ಮಾಡಬೇಕು ಅಂದರೆ, ಹೆಚ್ಚಿನ ಸಲ ಜಾಸ್ತಿ ಏನೂ ಬೇಡ. ಬಹಳಷ್ಟು ಗಂಟಲು ನೋವು ವೈರಸ್‌ನಿಂದ ಬರುತ್ತದೆ, ಒಂದು ವಾರದೊಳಗೆ ತಾನೇ ಇಳಿಯುತ್ತದೆ. ಉಪ್ಪು ಹಾಕಿದ ಬೆಚ್ಚಗಿನ ನೀರಿನಲ್ಲಿ ಬಾಯಿ ಮುಕ್ಕಳಿಸುವುದು, ಗಂಟಲಲ್ಲಿ ಗಳಗಳ ಮಾಡಿ ಉಗಿಯುವುದು ಒಳ್ಳೆಯದು. ತೂಕಕ್ಕೆ, ವಯಸ್ಸಿಗೆ ತಕ್ಕಷ್ಟು ಪ್ಯಾರಸಿಟಮಾಲ್ ತಗೊಂಡರೆ ಗಂಟಲು ನೋವೂ ಇಳಿಯುತ್ತದೆ, ಜೊತೆಗೆ ಕಿವಿ ನೋವೂ ಇಳಿಯುತ್ತದೆ. ಮಕ್ಕಳಿಗೆ ಆಸ್ಪಿರಿನ್ ಮಾತ್ರ ಬೇಡ. ನೀರು, ಗಂಜಿ, ಸಾರು ಅನ್ನ ಸಾಕು. ಸಂಜೆಯ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಒಂದು ವಾರ ಕಾಯುತ್ತವೆ. ದಾವಣಗೆರೆಯವರಿಗೆ ಇದು ಕಷ್ಟ ಅಂತ ಗೊತ್ತು, ಆದರೂ ಹೇಳುತ್ತೇನೆ.

ಕೆಲವರಲ್ಲಿ, ಅದರಲ್ಲೂ 5ರಿಂದ 15 ವರ್ಷದ ಮಕ್ಕಳಲ್ಲಿ, ಕಾರಣ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಆಗಿರುತ್ತದೆ. ಕೆಮ್ಮು ನೆಗಡಿ ಇರುವುದಿಲ್ಲ. ಜ್ವರ ಜೋರು, ಟಾನ್ಸಿಲ್ ಮೇಲೆ ಬಿಳಿ ಕಲೆ, ಕತ್ತಿನ ಮುಂದೆ ಮುಟ್ಟಿದರೆ ನೋಯುವ ಗಂಟು. ಇದನ್ನು ಹಾಗೇ ಬಿಟ್ಟರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾಗುತ್ತದೆ. ನಮ್ಮ ದೇಶದಲ್ಲಿ ಇದು ಹಳೆಯ ಪುಸ್ತಕದ ಕಾಯಿಲೆ ಅಲ್ಲ, ಇಂದಿಗೂ ಇದೆ. ಡಾಕ್ಟರ್ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನಕ್ಕೆ ಬರೆದರೆ 10 ದಿನವೂ ತಗೊಳ್ಳಬೇಕು. ಮೂರನೇ ದಿನ ಕಿವಿ ನೋವು ಹೋಯಿತು ಅಂತ ಮಾತ್ರೆ ನಿಲ್ಲಿಸುವವರು ಬಹಳ. ಕಿವಿ ನೋವನ್ನೇ ಕಾಯಿಲೆ ಅಂದುಕೊಂಡರೆ ಆಗುವ ಇನ್ನೊಂದು ನಷ್ಟ ಇದು. ನೋವು ಹೋದರೂ ಗಂಟಲಿನ ಬ್ಯಾಕ್ಟೀರಿಯಾ ಪೂರ್ತಿ ಹೋಗಿರುವುದಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ಬೆಳಗಾಗುವವರೆಗೂ ಕಾಯಬಾರದು. ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿದಾಗ ಒಂದೇ ಕಡೆ ಗಂಟಲು ಸೀಳಿದಂತೆ ನೋಯುತ್ತದೆ, ಅದೇ ಕಡೆಯ ಕಿವಿಯೂ ಸಿಡಿಯುತ್ತದೆ. ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯಲು ಆಗುವುದಿಲ್ಲ. ಬಿಸಿ ತುತ್ತು ಬಾಯಲ್ಲಿಟ್ಟುಕೊಂಡು ಮಾತಾಡಿದ ಹಾಗೆ ದನಿ ತೊದಲುತ್ತದೆ. ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತದೆ. ಕಿರುನಾಲಿಗೆ ಒಂದು ಪಕ್ಕಕ್ಕೆ ಸರಿದಿರುತ್ತದೆ. ಇಂಥವರು ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ಉಸಿರಾಟಕ್ಕೆ ತೊಂದರೆ ಆದರಂತೂ ಒಂದು ನಿಮಿಷವೂ ತಡ ಮಾಡಬಾರದು. ಕೀವು ತೆಗೆದ ಮೇಲೆ ಗಂಟಲಿನ ಜೊತೆ ಕಿವಿಗೂ ಬೇಗ ಆರಾಮ ಸಿಗುತ್ತದೆ.

ಟಾನ್ಸಿಲ್ ಆಪರೇಷನ್ ಮಾಡಿಸಿದ ಮನೆಯವರೂ ಈ ನಂಟು ತಿಳಿದಿರಬೇಕು. ಆಪರೇಷನ್ ಆದ ಕೆಲವು ದಿನಕ್ಕೆ ಮಗು ಕಿವಿ ನೋವು ಅಂತ ಅಳುತ್ತದೆ. ಅಪ್ಪ ಅಮ್ಮ ಗಾಬರಿಯಾಗುತ್ತಾರೆ. ಗಂಟಲು ಆಪರೇಷನ್ ಮಾಡುವಾಗ ಕಿವಿಗೆ ಏನೋ ಮಾಡಿಬಿಟ್ಟರು ಅಂತ ಅನುಮಾನ ಬರುತ್ತದೆ. ನಮ್ಮ ಬೀದಿಯ ತಾಯಿಯೊಬ್ಬರು ನಡುರಾತ್ರಿ ನನಗೆ ಫೋನ್ ಮಾಡಿ ಅತ್ತಿದ್ದರು. ಟಾನ್ಸಿಲ್ ತೆಗೆದ ಜಾಗದಲ್ಲಿ ಗಾಯ ಮಾಯುತ್ತಿರುತ್ತದೆ. ಆ ಜಾಗದ ಸುದ್ದಿ ಒಯ್ಯುವುದು ಅದೇ ಒಂಬತ್ತನೇ ನರ. ಹಾಗಾಗಿ ಈ ನೋವು ನಿರೀಕ್ಷೆ ಇರುವಂಥದ್ದೇ, ಡಾಕ್ಟರ್ ಕೊಟ್ಟ ನೋವಿನ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟರೆ ಸಾಕು. ಬಾಯಲ್ಲಿ ಕೆಂಪು ರಕ್ತ ಕಂಡರೆ ಮಾತ್ರ ತಕ್ಷಣ ಆಸ್ಪತ್ರೆ. ಆಪರೇಷನ್ ಮುಂಚೆಯೇ ಯಾರಾದರೂ ಒಂದು ಮಾತು ಹೇಳಿದ್ದರೆ ಆ ತಾಯಿ ಅಷ್ಟು ಅಳಬೇಕಾಗಿರಲಿಲ್ಲ.

ಗಂಟಲು ಬಿಟ್ಟು ಬೇರೆ ಕಡೆಯಿಂದಲೂ ಕಿವಿಗೆ ನೋವು ಬರುತ್ತದೆ. ಹುಳುಕು ಹಲ್ಲು, ಅರ್ಧ ಹುಟ್ಟಿದ ಬುದ್ಧಿಹಲ್ಲು, ಕಿವಿಯ ಮುಂದೆಯೇ ಇರುವ ದವಡೆ ಕೀಲು. ಇವೆಲ್ಲ ಐದನೇ ನರದ ದಾರಿ. ರಾತ್ರಿ ಹಲ್ಲು ಕಡಿಯುವವರಿಗೆ ಬೆಳಗ್ಗೆ ಎದ್ದಾಗ ಕಿವಿ ನೋಯುವುದು ಹೀಗೆ. ಥೈರಾಯ್ಡ್ ಗ್ರಂಥಿ ಊದಿದಾಗಲೂ ನೋವು ಕಿವಿಯ ಕಡೆ ಏರುವುದುಂಟು.

ನಾನು ಈ ಬರಹಕ್ಕೆ ಕೂತದ್ದು ಮುಖ್ಯವಾಗಿ ಇನ್ನೊಂದು ಕಾರಣಕ್ಕೆ. ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಯೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ವಯಸ್ಸು ಐವತ್ತರ ಮೇಲೆ. ತಲೆಗೆ ಟವೆಲ್ ಸುತ್ತಿ, ಬಲಗಿವಿ ಮುಚ್ಚುವ ಹಾಗೆ ಗಂಟು ಹಾಕಿದ್ದರು. ಬಲಗಿವಿ ನೋವು, ವಾರಗಟ್ಟಲೆಯಿಂದ. ಎಣ್ಣೆ ಆಗಿದೆ, ಎಲ್ಲೋ ಕೊಂಡ ಡ್ರಾಪ್ಸ್ ಆಗಿದೆ, ಶಾಖ ಆಗಿದೆ. ಜ್ವರ ಇಲ್ಲ. ಕಿವಿ ಸೋರಿಲ್ಲ, ಚೆನ್ನಾಗಿ ಕೇಳಿಸುತ್ತದೆ. ಮಾತಾಡುವಾಗ ದನಿ ಒಡೆದಿತ್ತು. "ಊಟ ಸರಿಯಾಗಿ ಇಳೀತದ್ರಾ?" ಅಂದೆ. "ರೊಟ್ಟಿ ನುಂಗಾಗ ಏನೋ ಅಡ್ಡ ಸಿಕ್ಕಂಗಾಕ್ಕೈತವ್ವ. ಅದು ಬಿಡು, ಕಿವಿದು ಹೇಳು" ಅಂದರು. ಮಾತಿನ ನಡುವೆ ಜೇಬಿನಿಂದ ಪ್ಯಾಕೆಟ್ ತೆಗೆದು ಅಂಗೈಗೆ ಸುರಿದುಕೊಂಡರು.

ಐವತ್ತು ದಾಟಿದವರು, ತಂಬಾಕು, ಗುಟ್ಕಾ, ಬೀಡಿ ಅಥವಾ ಕುಡಿತದ ಅಭ್ಯಾಸ ಇರುವವರು, ಒಂದೇ ಕಡೆ ಬಿಡದೆ ಕಿವಿ ನೋವು ಅಂದರೆ, ಕಿವಿಯೊಳಗೆ ಏನೂ ಕಾಣದಿದ್ದರೆ, ಅವರ ಗಂಟಲನ್ನು ಕೆಳಗಿನವರೆಗೂ ನೋಡಲೇಬೇಕು. ನಾಲಿಗೆ ಬುಡ, ಟಾನ್ಸಿಲ್, ಧ್ವನಿಪೆಟ್ಟಿಗೆಯ ಹಿಂದಿನ ಜಾಗ, ಇಲ್ಲಿ ಕ್ಯಾನ್ಸರ್ ಶುರುವಾದರೆ ಗಂಟಲು ಅಷ್ಟಾಗಿ ನೋಯದೆ ಮೊದಲು ಕಿವಿ ನೋಯಬಹುದು. ಅದೇ ನರ, ಅದೇ ದಾರಿ. ಸೋಂಕಾದರೆ ವಾರದಲ್ಲಿ ವಾಸಿಯಾಗುತ್ತದೆ, ಹಾಗಾಗಿ ಮೋಸ ಹೋದರೂ ಬಚಾವಾಗುತ್ತೇವೆ. ಇಲ್ಲಿ ಎಣ್ಣೆ, ಡ್ರಾಪ್ಸ್ ಅಂತ ಕಳೆದ ಒಂದೊಂದು ತಿಂಗಳೂ ದುಬಾರಿ.

ನಮ್ಮ ಭಾಗದಲ್ಲಿ ಅಡಿಕೆ ಬಗ್ಗೆ ಮಾತಾಡುವುದು ಸುಲಭ ಅಲ್ಲ. ಚನ್ನಗಿರಿ ಕಡೆ, ಚಿತ್ರದುರ್ಗದ ಭೀಮಸಮುದ್ರದ ಕಡೆ ಎಷ್ಟೋ ಮನೆ ಎದ್ದಿದ್ದು, ಎಷ್ಟೋ ಮಕ್ಕಳು ಓದಿದ್ದು ಅಡಿಕೆಯಿಂದ. ಆ ಮನೆಗಳ ಬಗ್ಗೆ ನನಗೆ ಗೌರವ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ತಂಬಾಕು ಬೆರೆಸದಿದ್ದರೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್, ಬೆರೆಸುವುದು ಅಂಗೈಯಲ್ಲಿ. ಹಮಾಲಿ ಅಣ್ಣ ಕೌಂಟರ್ ಮುಂದೆ ಮಾಡಿದ್ದೂ ಅದೇ.

ಅವರಿಗೆ ಡ್ರಾಪ್ಸ್ ಕೊಡಲಿಲ್ಲ. ಸಿಟ್ಟು ಮಾಡಿಕೊಂಡರು. ಅವರ ಮಗನ ನಂಬರ್ ತಗೊಂಡು ಫೋನ್ ಮಾಡಿದೆ. ಮಗ ಮರುದಿನವೇ ಕರೆದುಕೊಂಡು ಹೋದ. ಕಿವಿ, ಮೂಗು, ಗಂಟಲಿನ ಡಾಕ್ಟರ್ ಮೂಗಿನಿಂದ ತೆಳುವಾದ ಕ್ಯಾಮೆರಾ ನಳಿಕೆ ಇಳಿಸಿ ನೋಡಿದರು. ನಾಲಿಗೆ ಬುಡದ ಬಲಗಡೆ ಗಾಯ ಇತ್ತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಈಗ ಬೆಂಗಳೂರಿನಲ್ಲಿ ಚಿಕಿತ್ಸೆ ನಡೆದಿದೆ. ಆರಂಭದಲ್ಲೇ ಸಿಕ್ಕಿದೆ ಅಂತ ಹೇಳಲಾರೆ, ತೀರಾ ಕೊನೆಗೂ ಅಲ್ಲ ಅಂತ ಮಗ ಹೇಳಿದ.

ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ ಒಂದು ಕೆಲಸ ಮಾಡಿ. ಮೂರು ವಾರ ಆದರೂ ಒಂದೇ ಕಡೆಯ ಕಿವಿ ನೋವು ಹೋಗಿಲ್ಲವೇ, ದನಿ ಒಡೆದಿದೆಯೇ, ನುಂಗುವಾಗ ಅಡ್ಡ ಸಿಕ್ಕ ಹಾಗಾಗುತ್ತದೆಯೇ, ಕತ್ತಿನಲ್ಲಿ ನೋವಿಲ್ಲದ ಗಂಟು ಇದೆಯೇ ಅಂತ ಕೇಳಿ. ಒಂದಕ್ಕೆ ಹೌದು ಅಂದರೂ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಖಾಸಗಿ ಆಸ್ಪತ್ರೆಯೇ ಆಗಬೇಕಿಲ್ಲ, ಜಿಲ್ಲಾ ಆಸ್ಪತ್ರೆಯಲ್ಲೂ ತೋರಿಸಬಹುದು. ಡಾಕ್ಟರ ಮುಂದೆ ಕೂತಾಗ ಬರೀ ಕಿವಿ ನೋವು ಅಂತ ಹೇಳಿ ಸುಮ್ಮನಾಗಬೇಡಿ. ನುಂಗುವಾಗ ಏನಾಗುತ್ತದೆ, ದನಿ ಹೇಗಿದೆ, ಎಷ್ಟು ವರ್ಷದಿಂದ ಏನು ಜಗಿಯುತ್ತಾರೆ, ಅದನ್ನೂ ಹೇಳಿ. ಅವರು ಹೇಳಲು ಸಂಕೋಚಪಟ್ಟರೆ ಜೊತೆಗೆ ಹೋದ ನೀವು ಹೇಳಿ. ಚಟ ಬಿಡಲು ಮನಸ್ಸಿದ್ದರೆ 1800-112-356 ಅನ್ನುವುದು ಕೇಂದ್ರ ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ನಮ್ಮ ಅಂಗಡಿಯ ಬಿಲ್ಲಿನ ಹಿಂದೆ ಆ ನಂಬರ್ ಅಚ್ಚು ಹಾಕಿಸಿದ್ದೇನೆ.